ಆಯನೂರು ದಾಟಿದ ಮೇಲೆ

ಆಯನೂರು ದಾಟಿದರೆ ಸಾಕು,
ಕೆಮ್ಮಿ ಮುಕ್ಕರಿಸಿ ನಿಲ್ಲುತ್ತದೆ ಎಂಬತ್ತಾರರ ಫಿಯೆಟ್ಟು.
ಅರ್ಧ ತಾಸು ಬಿಟ್ಟರೆ
ಏನೂ ಆಗೇ ಇಲ್ಲವೆಂಬಂತೆ ಒಂದೇ ಸೆಲ್ಫ್‌ಗೆ ಹೊರಡುತ್ತದೆ.

ಪಾಯಿಂಟು ಉಜ್ಜಿಸಿದೆ. ಕಾಯಿಲು ಹೊಸದು.
ಪಂಪಿಗೆ ಎರಡು ಸಲ ಡಯಾಫ್ರಮ್.
ಭದ್ರಾವತಿಯವನೊಬ್ಬ
ಎಂಜಿನ್ನೇ ಇಳಿಸೋಣ ಅಂದ.

ದಸ್ತಗೀರ್ ಬಾನೆಟ್ ಮುಟ್ಟಲಿಲ್ಲ.
ಹುರಿಗಡಲೆ ಮೆಲ್ಲುತ್ತ ಪಕ್ಕ ಕೂತು ಬಂದ.
ನಿಂತಿತು.
ಇಳಿದು, ಹಿಂದೆ ಹೋಗಿ
ಪೆಟ್ರೋಲ್ ಮುಚ್ಚಳ ತಿರುಗಿಸಿದ.
ಉಸ್ಸ್...
ಎಷ್ಟು ದಿನದಿಂದ ಬಿಗಿಹಿಡಿದಿತ್ತೋ!

‘ಗಾಳಿ ಒಳಗೆ ಹೋಗ್ದೆ
ಎಣ್ಣೆ ಹೆಂಗೆ ಹೊರಗೆ ಬರತ್ತೆ ಟೀಚರಮ್ಮ?’

ಟ್ಯಾಂಕಿನ ಉಸಿರು ನಳಿಗೆಯಲ್ಲಿ ಒಣಮಣ್ಣು,
ಕುಂಬಾರಹುಳದ ಗೂಡು.
ತಂತಿಯಿಂದ ಕೆರೆದ.
ಅಂಗೈಗೆ ಉದುರಿದ ಮಣ್ಣಿನಲ್ಲಿ
ಹಸಿರು ಕಂಬಳಿಹುಳವೊಂದು,
ಸತ್ತಿಲ್ಲ, ಅಲುಗುತ್ತಲೂ ಇಲ್ಲ.

ಅದಕ್ಕೇನಾಗಿದೆ ಅಂತ
ದಸ್ತಗೀರನಿಗೂ ಹೇಳಲಾಗಲಿಲ್ಲ.