ನಾಲ್ಕನೇ ಪೀರಿಯಡ್

ಮಾರ್ಚ್ ಅರ್ಧ ಕಳೆದರೂ ಸುಪೀರಿಯರ್ ಸರೋವರದ ದಂಡೆಗೆ
ಇನ್ನೂ ಮಂಜುಗಡ್ಡೆಯ ಅಂಚು.
ನನ್ನ ಕೋಣೆಯ ಹೀಟರ್ ಕೆಮ್ಮುತ್ತದೆ, ನಿಲ್ಲುತ್ತದೆ,
ಯಾರೋ ಜ್ಞಾಪಿಸಿದಂತೆ ಮತ್ತೆ ಕೆಮ್ಮುತ್ತದೆ.
ಎದುರಿಗೆ ಐಲಿ ಟುವೊವಿನೆನ್,
ಹದಿನೇಳು ತುಂಬಲು ಇನ್ನು ಹನ್ನೆರಡು ದಿನ,
ಉಗುರಿನ ಸಂದಿಯಲ್ಲಿ ಗ್ರೀಸು.
ನಡುವೆ ಒಂದು ಹಳದಿ ಹಾಳೆ, ಏಳು ಖಾನೆ.

ಆರು ತುಂಬಿದ್ದಾಳೆ, ಪೆನ್ಸಿಲ್ಲಿನಲ್ಲಿ, ಒತ್ತಿ.
ಕ್ಯಾಲ್ಕುಲಸ್, ಇಂಗ್ಲಿಷ್, ಸರ್ಕಾರ ಮತ್ತು ಅರ್ಥಶಾಸ್ತ್ರ,
ಸ್ಪ್ಯಾನಿಷ್ ನಾಲ್ಕು.
"ಇಷ್ಟವಾ?" ಅಂದೆ.
"ಕಾಲೇಜಿಗೆ ಇಷ್ಟ" ಅಂದಳು.

ನಾಲ್ಕನೇ ಪೀರಿಯಡ್ ಮಾತ್ರ ಖಾಲಿ.
ಎ.ಪಿ. ಕೆಮಿಸ್ಟ್ರಿ ಆಗಲೇ, ಆಟೋ ಶಾಪೂ ಆಗಲೇ.
ಸಣ್ಣ ಶಾಲೆ ನಮ್ಮದು; ಗಂಟೆ ಹೊಡೆದರೆ
ಎರಡು ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ.

ಹೇಳಬೇಕಾದ್ದನ್ನು ಹೇಳಿದೆ.
ಹತ್ತೊಂಬತ್ತು ವರ್ಷದ ಬಾಯಿಪಾಠ:
ಕೊನೆಯ ವರ್ಷ ಸಡಿಲ ಬಿಟ್ಟರೆ ಅವರಿಗೆ ಗೊತ್ತಾಗಿಬಿಡುತ್ತದೆ, ಮಗೂ.
ಅವರು ಅಂದರೆ ಯಾರೋ, ನಾನೂ ಕಂಡವನಲ್ಲ.
ಅಕ್ಟೋಬರಿನಲ್ಲಿ ನನ್ನ ಹೆಸರಿಗೊಂದು ಫಾರಂ ಬರುತ್ತದೆ,
ಅದರಲ್ಲೊಂದು ಪ್ರಶ್ನೆ: ನಿಮ್ಮ ಶಾಲೆಯಲ್ಲಿ ಸಿಗುವುದರಲ್ಲಿ
ಈಕೆ ಆರಿಸಿಕೊಂಡದ್ದು ಎಷ್ಟು ಕಷ್ಟದ ದಾರಿ?
ಅತಿ ಕಷ್ಟ. ಬಹಳ ಕಷ್ಟ. ಕಷ್ಟ. ಸಾಧಾರಣ.
ಒಂದಕ್ಕೆ ಗುರುತು ಹಾಕಬೇಕು. ಒಂದಕ್ಕೇ.

ಕೇಳಿಸಿಕೊಂಡಳು. ತಲೆಯಾಡಿಸಲಿಲ್ಲ.
"ಸ್ಟಾರ್ಟರ್ ಮೋಟಾರ್ ಬಿಚ್ಚಿದ್ದೀರಾ, ಮಿಸ್ಟರ್ ಪಾಸ್ಕೋ?"
ಇಲ್ಲ.
"ಮೈನಸ್ ಇಪ್ಪತ್ತರಲ್ಲಿ, ಕೈಗವಸು ತೆಗೆದು?
ಬೋಲ್ಟು ಬೆರಳಿಗೆ ಅಂಟಿಕೊಳ್ಳುತ್ತೆ,
ಎಳೆದರೆ ಚರ್ಮ ಬೋಲ್ಟಿನ ಪಕ್ಷ ಸೇರುತ್ತೆ.
ಅಮ್ಮನಿಗೆ ಐದೂವರೆಗೆ ಆಸ್ಪತ್ರೆ ಲಾಂಡ್ರಿಯಲ್ಲಿ ಡ್ಯೂಟಿ,
ಗಾಡಿ ಹೊರಡಲೇಬೇಕು.
ಅದು ಯಾವ ಖಾನೆಗೆ ಬರುತ್ತೆ?
ಬಹಳ ಕಷ್ಟಕ್ಕಾ, ಸಾಧಾರಣಕ್ಕಾ?"

ಜಗಳದ ದನಿಯಲ್ಲ. ನಿಜವಾಗಿ ಕೇಳುತ್ತಿದ್ದಳು,
ಅಂಗಡಿಯಲ್ಲಿ ಸಾಮಾನಿನ ಬೆಲೆ ಕೇಳುವ ಹಾಗೆ.

ಕಿಟಕಿಯ ಕಡೆ ತಿರುಗಿದೆ.
ಗಾಡಿ ನಿಲ್ಲಿಸುವ ಜಾಗದಲ್ಲಿ ಗುದ್ದಲಿಗೆ ಬಗ್ಗದ ಹಿಮದ ದಿಬ್ಬ,
ಮೂರು ತಿಂಗಳ ಮಸಿ ಪದರ ಪದರವಾಗಿ.
ನನ್ನ ಕೊನೆಯ ವರ್ಷ ನಾನು ಟ್ರಿಗೊನೊಮೆಟ್ರಿ ತೆಗೆದುಕೊಂಡೆ,
ಅಪ್ಪ ಹೇಳಿದರೆಂದು. ಕೊಯರ್ ಬಿಟ್ಟೆ.
ಸೈನು, ಕೊಸೈನು ಒಂದೂ ತಲೆಯಲ್ಲಿ ಉಳಿದಿಲ್ಲ;
ಬಿಟ್ಟ ಕೊಯರಿನವರು ಆ ವರ್ಷ ಹಾಡಿದ್ದೆಲ್ಲ ಬರುತ್ತದೆ.
ಗೋಡೆಯ ಈಚೆ ಕೂತು ಕೇಳಿದ್ದೆನಲ್ಲ.

ಇದನ್ನು ಹೇಳಲಿಲ್ಲ.
ನನಗೆ ಸಂಬಳ ಇದಕ್ಕಲ್ಲ.

ಅಷ್ಟರಲ್ಲಿ ಅವಳು ಅಳೆದಿದ್ದಳು, ಸುರಿದಿದ್ದಳು,
'ಆಟೋ' ಎಂದು ಬರೆದು ಅಳಿಸಿದ್ದಳು,
ಮತ್ತೆ ಬರೆದು ಮತ್ತೆ ಅಳಿಸಿ
ಹಾಳೆ ಆ ಜಾಗದಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.
ಅದರ ಮೇಲೆ ಮೆತ್ತಗೆ ಬರೆದಳು: ಕೆಮಿಸ್ಟ್ರಿ.

ಗೆದ್ದೆ ಅನ್ನಿಸಲಿಲ್ಲ ನನಗೆ. "ಒಳ್ಳೆಯದು," ಅಂದೆ, "ಕಾಲೇಜಿನವರು..."
"ಅವರಿಗಲ್ಲ," ಅಂದಳು.
"ಚಳಿಗೆ ಬ್ಯಾಟರಿ ಯಾಕೆ ಸಾಯುತ್ತೆ ಅಂತ
ಶಾಪ್‌ನಲ್ಲಿ ಕೇಳಿದೆ. ಬೇರೆ ಹಾಕು ಅಂದರು.
ಬೇರೆ ಹಾಕೋದು ನನಗೆ ಗೊತ್ತು.
ಯಾಕೆ ಸಾಯುತ್ತೆ?"

ಅವಳ ಪ್ರಶ್ನೆಗೆ ನನ್ನಲ್ಲಿ ಫಾರಂ ಇರಲಿಲ್ಲ.
ಬ್ಯಾಗು ಹೆಗಲಿಗೇರಿಸಿ ಹೋದಳು.

ಪೆನ್ನು ಹಿಡಿದು ಸುಮ್ಮನೆ ಕೂತೆ.
ಕೆಳಗೆ ಹಳೇ ಪಿಕಪ್ ಒಮ್ಮೆ ಗೊಣಗಿತು, ಸತ್ತಿತು,
ಇನ್ನೊಮ್ಮೆ ಗೊಣಗಿತು.
ಹೀಟರ್ ಕೂಡ ಕಿವಿಗೊಟ್ಟಂತೆ ನಿಂತಿತ್ತು.
ಮೂರನೇ ಸಲಕ್ಕೆ ಹಿಡಿಯಿತು.

ಆಮೇಲೆ ಸಹಿ ಹಾಕಿದೆ,
ತಾರೀಖು ತಪ್ಪು ಬರೆದೆ.
ಬಾಗಿಲಲ್ಲಿ ಕ್ಲಾರಿನೆಟ್ ಪೆಟ್ಟಿಗೆ ಹಿಡಿದ ಇನ್ನೊಬ್ಬ,
ಅವನ ಹಾಳೆ ಇನ್ನೂ ಪೂರ್ತಿ ಖಾಲಿ.