ಕೊಸರು

ರಾತ್ರಿ ಪಾಳಿಯಲ್ಲಿ ನಾವು ನಾಲ್ವರು,
ಟೊಲೀಡೊ ನಗರ ಮಲಗಿದ ಮೇಲೆ
ಅದರ ಕುಡಿಯುವ ನೀರು ಕಾಯುವವರು.
ಎರಡು ಗಂಟೆಗೊಮ್ಮೆ ಕ್ಲೋರಿನ್ ನೋಡುತ್ತೇವೆ.
ಮಿಕ್ಕ ಹೊತ್ತು ಹಸಿವು.
ಗುರುವಾರ ಮಾತ್ರ ಹೊರಗಿನ ಊಟ,
ಪಾಳಿಗೆ ಬರುವ ದಾರಿಯಲ್ಲಿ
ಸರದಿಯಂತೆ ಒಬ್ಬರು ಕಟ್ಟಿಸಿಕೊಂಡು ಬರಬೇಕು.

ಜಗಳ ಶುರುವಾದದ್ದು ಸಿಗಡಿಯಿಂದ.
ಡೋರ್ ಸ್ಟ್ರೀಟಿನ ಚೀನೀ ಅಂಗಡಿಯ ಫ್ರೈಡ್ ರೈಸಿನಲ್ಲಿ
ಮೊದಲು ಒಂಬತ್ತಿರುತ್ತಿದ್ದವು, ಈಗ ಐದು, ಎಂದಳು ವರ್ಲೀನ್.
ಆರು, ಎಂದ ಲೆಸ್ಟರ್, ಈ ಬಾಲವನ್ನೂ ಎಣಿಸಿದರೆ.
ಒಂಬತ್ತೂಕಾಲು ಡಾಲರ್ ಕೊಟ್ಟು
ಬಾಲ ಎಣಿಸೋ ಗತಿ ಬಂತಲ್ಲ ನಮಗೆ, ಎನ್ನುತ್ತ
ಅವಳೆದ್ದು, ಪಟಿಕದ ಪುಡಿ ತೂಗುವ ತಕ್ಕಡಿಯ ಮೇಲೆ
ಡಬ್ಬಿಯನ್ನು ಇಟ್ಟೇಬಿಟ್ಟಳು,
'ಇಲ್ಲಿಗೆ ತಿನಿಸು ತರಕೂಡದು' ಎಂಬ ಫಲಕದ ನೇರ ಕೆಳಗೆ.

ಹಾಗೆ ಹುಟ್ಟಿತು ಲೆಕ್ಕದ ಪುಸ್ತಕ.
ಖಾಲಿ ಡಬ್ಬಿಯ ತೂಕ ಕಳೆದು, ಡಾಲರಿಗೆ ಎಷ್ಟು ಗ್ರಾಂ.
ಲಗ್ರೇಂಜ್ ಬೀದಿಯ ಪಿರೋಗಿ: ಅರವತ್ತೊಂದು.
ಕಣಕ ದಪ್ಪ, ಹೂರಣ ನೆಪಕ್ಕೆ.
ಸೇತುವೆಯಾಚೆಯ ಕರಿದ ಕೋಳಿ: ಐವತ್ತೆರಡು;
ಮೂಳೆ ಕಳೆದರೆ ಮೂವತ್ತೆಂಟು.
(ಮೂಳೆ ಕಳೆಯುವುದು ಅನ್ಯಾಯ. ಸಹಿ, ಲೆಸ್ಟರ್.)
ಗಾಜಿನ ಕಾರ್ಖಾನೆ ಎದುರಿನ ಪಿಜ್ಜಾ:
ತೂಕದಲ್ಲಿ ಮೋಸವಿಲ್ಲ. ರುಚಿ ಬೇಕಿದ್ದರೆ
ಅದು ಬಂದ ರಟ್ಟಿನ ಪೆಟ್ಟಿಗೆ ತಿನ್ನಬಹುದು.

ನಜ್ಲಾಳ ಅಂಗಡಿಯದೊಂದೇ ಪುಸ್ತಕಕ್ಕೆ ಬಗ್ಗಲಿಲ್ಲ.
ಹತ್ತು ಡಾಲರಿಗೆ ಸುಟ್ಟ ಕೋಳಿ, ಅನ್ನ,
ಮಾರನೆಯ ಸಂಜೆಯವರೆಗೂ ಬಾಯಲ್ಲಿ ಉಳಿಯುವ ಬೆಳ್ಳುಳ್ಳಿ.
ಒಂದು ವಾರ ಐನೂರ ನಲವತ್ತು ಗ್ರಾಂ, ಒಂದು ವಾರ ಐನೂರ ನಲವತ್ತೈದು,
ಇದ್ದಕ್ಕಿದ್ದಂತೆ ಆರುನೂರ ತೊಂಬತ್ತು!
ತಕ್ಕಡಿ ಕೆಟ್ಟಿದೆಯೆಂದು ವರ್ಲೀನ್
ಹಿತ್ತಾಳೆಯ ಬಟ್ಟುಗಳನ್ನಿಟ್ಟು ಪರೀಕ್ಷಿಸಿದಳು. ಕೆಟ್ಟಿರಲಿಲ್ಲ.
ಮುಚ್ಚೋ ಹೊತ್ತು, ಉಳಿದದ್ದು ಸುರಿದಿರ್ತಾಳೆ, ಎಂದ ಲೆಸ್ಟರ್.
ರಸೀದಿಯಲ್ಲಿ ಏಳೂ ಮುಕ್ಕಾಲು.

ಕೊನೆಗೆ ನನ್ನ ಕಣ್ಣಿಗೇ ಬಿತ್ತು.
ಭಾರದ ವಾರಗಳು ಮೂರು. ಮೂರರಲ್ಲೂ
ತಂದವನು ರೋಲಂಡ್,
ಬೆಲ್ಟಿಗೆ ತಾನೇ ಮೊಳೆ ಬಡಿದು
ಇನ್ನೂ ಎರಡು ತೂತು ಮಾಡಿಕೊಂಡವನು.

ಆಕೆಗೆ ಏನು ಹೇಳಿದೆಯೋ?
ಏನಿಲ್ಲ. ಯಾರಿಗೆ ಊಟ ಅಂದಳು, ನಾಲ್ಕು ಜನಕ್ಕೆ ಅಂದೆ.
ಮತ್ತೆ ನಿನಗೆ? ಅಂದಳು.
ನಾಲ್ವರಲ್ಲಿ ನಾನೂ ಒಬ್ಬ ಅಂದೆ.
ನಂಬಲಿಲ್ಲ.

ಅವನ ಪಾಲಿಗೆ ಯಾವ ಡಬ್ಬಿಯೋ ತಿಳಿಯದೆ
ನಾಲ್ಕಕ್ಕೂ ಹಾಕಿದ್ದಾಳೆ,
ಅಳತೆ ಮುಗಿದ ಮೇಲೂ ಇಳಿಯದ ಸೌಟಿನಿಂದ.
ಮೂರು ವಾರ ನಾವು ತಿಂದದ್ದು
ಅವನ ಪಕ್ಕೆಲುಬಿನ ಕೊಸರು.

ಇನ್ನು ಪ್ರತಿ ಗುರುವಾರ ಇವನೇ ಹೋಗಲಿ,
ಲೆಸ್ಟರ್ ಮೇಜು ಕುಟ್ಟಿದ.
ನಾನು ಹೋಗಲ್ಲ, ಎಂದ ರೋಲಂಡ್.
ಪಂಪುಗಳ ಸದ್ದು ಅಷ್ಟು ಜೋರಾಗಿದೆಯೆಂದು
ನನಗೆ ಆವತ್ತೇ ಗೊತ್ತಾದದ್ದು.

ಮರುವಾರ ವರ್ಲೀನ್ ಹೋದಳು.
ಬಂದು, ಕೋಟು ಕೂಡ ಬಿಚ್ಚದೆ, ತೂಗಿದಳು.
ಐನೂರ ನಲವತ್ತು. ಇನ್ನೊಂದು ಡಬ್ಬಿ, ಅದೂ ಅಷ್ಟೇ.
ಅಗಲವಾದ ಹೆಂಗಸು ಅವಳು, ನಗು ದೊಡ್ಡದು,
ಎರಡು ಕಡೆ ಕೆಲಸ.
'ನಾನೂ ಬೆಳಿಗ್ಗೆಯಿಂದ ತಿಂದಿರಲಿಲ್ಲ'
ಎಂದಳು, ತಕ್ಕಡಿಗೆ.

ಆಮೇಲೂ ಬರೆಯುತ್ತಿದ್ದೇವೆ. ಜನವರಿಯಿಂದ
ನಜ್ಲಾಳದು ಹನ್ನೊಂದು ಡಾಲರ್; ಪಿರೋಗಿಯವನು
ಹುಳಿ ಕೆನೆಗೆ ಬೇರೆ ಕಾಸು ಕೇಳುತ್ತಾನೆ.
ರೋಲಂಡ್ ಮನೆಯಿಂದ ಬ್ರೆಡ್ಡು ತರುತ್ತಾನೆ, ತೂಗಗೊಡುವುದಿಲ್ಲ.
ಬರುವ ಗುರುವಾರ ನನ್ನ ಸರದಿ.
ಅಂಗಡಿಯ ಬಾಗಿಲ ಗಾಜಿನಲ್ಲಿ ಒಮ್ಮೆ ನೋಡಿಕೊಂಡು,
ಹೊಟ್ಟೆ ಒಳಗೆಳೆದುಕೊಂಡು ಹೋಗಲೋ,
ಹೀಗೇ ಹೋಗಲೋ.