ಆಧಾರ

ಐದು ಪುಟ, ಎಡಕ್ಕೆ ಮಾರ್ಜಿನ್,
ಕೊನೆಯಲ್ಲಿ ಆಧಾರಗಳ ಪಟ್ಟಿ:
ಏಳನೇ ಬಿ ಬೋರ್ಡಿನಲ್ಲಿ ಬರೆದದ್ದು ನಾನೇ,
'ನಮ್ಮೂರಿನ ಹಂಚಿನ ಕಾರ್ಖಾನೆ' ಎಂದು ಅಡಿಗೆರೆ ಎಳೆದದ್ದೂ.

ವಾರ ಕಳೆದು ನೋಡಿದರೆ
ಹದಿನೆಂಟು ಪ್ರಾಜೆಕ್ಟಿನಲ್ಲಿ ಒಂದೇ ವಾಕ್ಯ,
ಒಂದೇ ಸೈಬರಿನ ಒಂದೇ ಮಸುಕು ಚಿತ್ರ.
ಜೋಶಲನ ಹಾಳೆಯಲ್ಲಿ ಅಕ್ಷರಗಳು
ಗೂಡಿನ ಕೋಳಿಗಳಂತೆ ಒಂದರ ಮೇಲೊಂದು.
ಮಿಸ್ರಿಯಾಳದ್ದು ಖಾಲಿ.
ಓದಿ ಹೇಳಬೇಕಿದ್ದ ಅಕ್ಕನಿಗೆ ಪರೀಕ್ಷೆಯಂತೆ.
ಯಮನೂರ ಕೊಡಲೇ ಇಲ್ಲ.
ಬಾಗಲಕೋಟೆ ಬಿಟ್ಟು ಎಂಟು ತಿಂಗಳು,
"ನಮ್ಮೂರಂದ್ರ ಯಾವೂರ್ರೀ ಟೀಚರ?"

ರಾತ್ರಿ ಬೂತಾಯಿ ತೊಳೆಯುತ್ತಾ ಕೇಳಿಕೊಂಡೆ,
ಚರಿತ್ರೆಗೆ ಮಾರ್ಜಿನ್ ಎಳೆದದ್ದು ಯಾರು?
ನಾನೇ. ಸ್ಕೇಲು ಹಿಡಿದು.

ಬೆಳಿಗ್ಗೆ ಬೋರ್ಡು ಒರೆಸಿದೆ.
ಬರೆಯಲೇಬೇಕೆಂದಿಲ್ಲ, ತನ್ನಿ ಅಂದೆ,
ಎಂತ ಸಿಗ್ತದೋ ಅದು.

ಜೋಶಲ್ ಅಜ್ಜಿಯ ದನಿ ತಂದ, ಫೋನಿನಲ್ಲಿ,
ಹನ್ನೊಂದು ನಿಮಿಷ. ಆವಿಗೆಯ ಬಿಸಿ ಎರಡು ನಿಮಿಷ,
ಉಳಿದದ್ದೆಲ್ಲ ಆರಾಣೆ ಮುರಿದುಕೊಂಡ ರೈಟರನಿಗೆ ಬೈಗುಳ,
ಕೊಂಕಣಿಯಲ್ಲಿ. ಹೆಡ್ಮಾಸ್ಟ್ರು ಬಾಗಿಲಲ್ಲಿ ನಿಂತು ನಕ್ಕರು,
ಆಮೇಲೆ, ಇದಕ್ಕೆ ಮಾರ್ಕು ಹೇಗೆ? ಅಂದರು.
ನನಗೂ ಗೊತ್ತಿರಲಿಲ್ಲ.

ಯಮನೂರ ಸಿಮೆಂಟ್ ಚೀಲ ಹೊತ್ತು ಬಂದ.
ಅಪ್ಪ ಬೋಳಾರದಲ್ಲಿ ಹಳೇ ಮನೆ ಕೆಡವುತ್ತಾನೆ,
ಚೀಲದಲ್ಲಿ ಏಳು ಹಂಚು, ಒಂದೊಂದಕ್ಕೂ ತೂಕ ಬರೆದ ಚೀಟಿ.
ಅವು ಕೈಯಿಂದ ಕೈಗೆ ಹೋದವು,
ಕಾರ್ಖಾನೆಯ ಹೆಸರು ಓದಿ ಎಲ್ಲರೂ ಮುಂದೆ ದಾಟಿಸಿದರು.

ಮಿಸ್ರಿಯಾ ದಾಟಿಸಲಿಲ್ಲ.
ಹಂಚನ್ನು ಮಗುಚಿ, ಬೆನ್ನು ಸವರಿ,
ಒಂದು ಮೂಲೆಯಲ್ಲಿ ನಿಂತಳು.
"ಟೀಚರ್, ಇಲ್ಲಿ ಯಾರೋ ಉಂಟು."

ಹಸಿ ಮಣ್ಣು ಎತ್ತುವಾಗ ಒತ್ತಿದ ಬೆರಳು.
ಕಣ್ಣಿರುವ ಮೂವತ್ತೊಂದು ಮಂದಿಗೆ ಕಂಡಿರಲಿಲ್ಲ.
ಅವಳು ತನ್ನ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು.
"ನನ್ನದಕ್ಕಿಂತ ಸಣ್ಣದು."

ಕ್ಲಾಸು ಸುಮ್ಮನಾಯಿತು.
ಒಣಗಿ ಸುಟ್ಟಾಗ ಮಣ್ಣು ಕುಗ್ಗುತ್ತದೆ, ಅಂದೆ,
ಹೆಂಗಸರದ್ದೂ ಇರಬಹುದು,
ಖಚಿತ ಹೇಳಲಿಕ್ಕೆ ಆಧಾರ ಬೇಕು.

"ಇದು ಎಂತ ಮತ್ತೆ?"

ಅವಳ ಆಧಾರಗಳ ಪಟ್ಟಿಯನ್ನು ಜೋಶಲ್ ಬರೆದುಕೊಟ್ಟ,
ಒಂದೇ ಪದ. ಅದರಲ್ಲೂ ಳು ತಿರುಗಿ ಬಿದ್ದಿತ್ತು.
ತಿದ್ದಲು ಕೆಂಪು ಪೆನ್ನು ತೆಗೆದವಳು
ಮುಚ್ಚಳ ಹಾಕಿ ಇಟ್ಟೆ.

ಈಗ ಹೆಡ್ಮಾಸ್ಟ್ರ ಮೇಜಿನ ಮೇಲೆ ಆ ಹಂಚು,
ಫ್ಯಾನಿಗೆ ಅಂಕಪಟ್ಟಿ ಹಾರದ ಹಾಗೆ.
ಸಹಿ ಹಾಕಲು ಹೋದಾಗೆಲ್ಲ
ಮಗುಚಿ, ಕಿರುಬೆರಳು ಇಟ್ಟು ನೋಡುತ್ತೇನೆ.

ಹಿಡಿಸುವುದಿಲ್ಲ.